ಬಸಪ್ಪ ಪಾದ ಕೊಟ್ಟ ವಾರ್ಡು

ನಮ್ಮ ಗ್ರಾಮ ಪಂಚಾಯಿತಿಯ ಅವಧಿ ಮುಗಿದಿದೆ. ಮುಂದಿನ ಚುನಾವಣೆ ಯಾವಾಗ ಎಂಬುದು ಇನ್ನೂ ಖಚಿತವಿಲ್ಲ. ಆದರೂ ಊರಿನಲ್ಲಿ ಮಾತು ಹೊರಟಿದೆ: ಈ ಸಲವೂ ಬಸಪ್ಪನನ್ನು ಕರೆಸಿ ಕೇಳಿಬಿಡೋಣ ಎಂದು. ಮೊನ್ನೆ ಡೇರಿಯ ಮುಂದೆ ಆ ಮಾತು ನನ್ನ ಕಿವಿಗೂ ಬಿತ್ತು. ಕಳೆದ ಸಲ ಏನಾಯಿತು ಎಂಬುದನ್ನು ಊರಿನವರು ಈಗ ತಮಗೆ ಬೇಕಾದ ಹಾಗೆ ಹೇಳುತ್ತಾರೆ. ನಾನು ಕಂಡದ್ದನ್ನು ಕಂಡಷ್ಟೇ ಬರೆದಿಡುತ್ತೇನೆ.

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಊರು. ನಾನು ಮಂಡ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲ ಒಟ್ಟಿಗಿದ್ದೇವೆ. ಚಿಕ್ಕಮ್ಮ ರೇಷ್ಮೆ ಹುಳ ಸಾಕುತ್ತಾಳೆ. ಚುನಾವಣೆಗೆ ನಿಂತವಳು ಅವಳೇ.

ಅವಳು ನಿಂತದ್ದು ನೀರಿನ ಕಾರಣಕ್ಕೆ. ನಮ್ಮ ವಾರ್ಡಿಗೆ ಎರಡು ಬೀದಿ. ಮೇಲಿನ ಬೀದಿಯಲ್ಲಿ ಜಮೀನು ಇರುವ ನಮ್ಮಂಥವರ ಮನೆಗಳು. ಕೆಳಗಿನ ಬೀದಿಯಲ್ಲಿ ಕೂಲಿಗೆ, ಗಾರ್ಮೆಂಟ್ಸಿಗೆ ಹೋಗುವವರ ಮನೆಗಳು. ಟ್ಯಾಂಕು ಒಂದೇ. ಅದರ ಬುಡದಲ್ಲಿರುವ ವಾಲನ್ನು ನೀರುಗಂಟಿ ಯಾವ ಕಡೆಗೆ ತಿರುಗಿಸಿದರೆ ಆ ಕಡೆಗೆ ನೀರು. ಅದು ಹೆಚ್ಚು ಹೊತ್ತು ನಮ್ಮ ಕಡೆಗೇ ತಿರುಗಿರುತ್ತಿತ್ತು. ನಾವು ದನ ತೊಳೆದು, ಅಂಗಳಕ್ಕೆ ಚೆಲ್ಲಿ, ಸಾಕೆನಿಸಿದ ಮೇಲೆ ಉಳಿದದ್ದು ಕೆಳಗೆ ಇಳಿಯುತ್ತಿತ್ತು. ಯಾರು ಮೆಂಬರಾದರೂ ಇದು ಬದಲಾಗಲಿಲ್ಲ, ಏಕೆಂದರೆ ಓಟು ಕೇಳಲು ಬಂದವರನ್ನು ಯಾರೂ ಇದರ ಬಗ್ಗೆ ಕೇಳಲಿಲ್ಲ. ಇವನು ನಮ್ಮವನು, ಅವನು ಅವರವನು ಎಂಬಷ್ಟರಲ್ಲೇ ಎಲ್ಲ ಮುಗಿದುಹೋಗುತ್ತಿತ್ತು.

ವಾರ್ಡು ಮಹಿಳೆಯರಿಗೆ ಮೀಸಲಾದಾಗ ಚಿಕ್ಕಮ್ಮ ಅರ್ಜಿ ಹಾಕಿದಳು. ಎರಡೂ ಬೀದಿಗೆ ಸಮನಾಗಿ ನೀರು ಬಿಡಿಸುತ್ತೇನೆ ಎಂದು ಮನೆಮನೆಗೆ ಹೋಗಿ ಹೇಳುವುದು, ಒಪ್ಪಿದವರಿಂದ ಓಟು ಪಡೆಯುವುದು ಅವಳ ಯೋಚನೆ. ನಮ್ಮ ಬೀದಿಗೆ ಇದು ಹಿಡಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಬೈಲಿ ಬುಡು. ಬೈದೋರು ಆಮ್ಯಾಕೆ ಯೋಚ್ನೆ ಮಾಡ್ತಾರೆ. ಸುಮ್ಕಿರೋರ್ ಕಂಡ್ರೇನೇ ನಂಗೆ ಭಯ,” ಎನ್ನುತ್ತಿದ್ದಳು.

ಮೂವರು ಹೆಂಗಸರ ಅರ್ಜಿ ಬಿದ್ದವು. ಒಬ್ಬಳು ಚಿಕ್ಕಮ್ಮ. ಇನ್ನೊಬ್ಬರು ನಮ್ಮ ಬೀದಿಯ ಕೊನೆಯ ಮನೆಯ ಹಿರಿಯ ಹೆಂಗಸು. ಮೂರನೆಯವಳು ಕೆಳಗಿನ ಬೀದಿಯವಳು, ಸೋಮನಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಬಟ್ಟೆ ಹೊಲಿಯುವವಳು. ಅಷ್ಟರಲ್ಲಿ ಊರಿನ ಯಜಮಾನರು ದೇವಸ್ಥಾನದ ಜಗಲಿಯಲ್ಲಿ ಒಂದು ಮಾತು ತೆಗೆದರು.

“ಮೂರು ಮನೆ ಕಿತ್ತಾಡಿ ಊರು ಒಡೀಬೇಕೇನ್ರಲಾ? ಬಸಪ್ಪನ್ನೇ ಕೇಳ್ಬುಡವ. ಅವ್ನು ಯಾರ್ಗೆ ಪಾದ ಕೊಟ್ಟಾನೋ ಅವ್ರು ಮೆಂಬ್ರು. ಮಿಕ್ಕೋರು ವಾಪಸ್ ತಕ್ಕಳ್ಳಿ. ಎಲೆಕ್ಸನ್ನೇ ಬ್ಯಾಡ.”

ದೇವರ ಹೆಸರಿನಲ್ಲಿ ಬಿಟ್ಟ ಹೋರಿಯನ್ನು ನಮ್ಮ ಕಡೆ ಬಸಪ್ಪ ಎನ್ನುತ್ತೇವೆ. ಗುಡಿಗೆ ಪೂಜಾರಿ ಯಾರಾಗಬೇಕು, ಬೋರು ಎಲ್ಲಿ ಕೊರೆಸಬೇಕು, ಕದ್ದವರು ಯಾರು ಎಂಬುದನ್ನೆಲ್ಲ ಜನ ಬಸಪ್ಪನನ್ನು ಕೇಳುತ್ತಾರೆ. ಕೇಳುವವರು ಮಂಡಿಯೂರಿ, ಅಂಗೈ ಮೇಲೆ ಟವೆಲ್ ಹಾಸಿಕೊಂಡು ಕೂರಬೇಕು. ಬಸಪ್ಪ ಮುಂಗಾಲೆತ್ತಿ ಆ ಅಂಗೈ ಮೇಲಿಟ್ಟರೆ ಪಾದ ಕೊಟ್ಟ ಎಂದು ಅರ್ಥ. ಆ ಮೇಲೆ ಯಾರೂ ಎದುರಾಡುವುದಿಲ್ಲ.

ಒಪ್ಪಬೇಡ ಎಂದು ಚಿಕ್ಕಮ್ಮನಿಗೆ ಹೇಳಿದೆ.

“ಬಸಪ್ಪ ಬತ್ತನೆ ಅಂದ್ರೆ ಬ್ಯಾಡ ಅನ್ನೋಕಾಯ್ತದಾ? ನಿಮ್ ಕಾಲೇಜ್ನಾಗೆ ಅಂದ್ಕೋ ಓಗು,” ಎಂದಳು. ಅವಳಿಗೆ ಬಸಪ್ಪನಲ್ಲಿ ನಿಜವಾದ ನಂಬಿಕೆಯಿತ್ತು. ಈಗಲೂ ಇದೆ.

ಬಸಪ್ಪನನ್ನು ಅವನ ಪೂಜಾರಿಯ ಜೊತೆ ಹಿಂದಿನ ಸಂಜೆಯೇ ಕರೆತಂದು ಗುಡಿಯ ಹಿತ್ತಲಲ್ಲಿ ಇಳಿಸಿದ್ದರು. ಬೆಳಗ್ಗೆ ಹೊತ್ತು ಏರಿದರೂ ಮಂಜು ಬಿಟ್ಟಿರಲಿಲ್ಲ. ನಾಲೆಯಾಚೆ ಕಬ್ಬು ಕಾಣಿಸುತ್ತಿರಲಿಲ್ಲ, ಕಬ್ಬಿನ ತುದಿಯ ಸೂಲಂಗಿ ಹೂಗಳು ಮಾತ್ರ ಬುಡವಿಲ್ಲದೆ ಬಿಳಿಯ ಮೇಲೆ ನಿಂತಿದ್ದವು. ಗುಡಿಯ ಮುಂದೆ ಮೂರು ಚಾಪೆ ಹಾಸಿದ್ದರು. ಚಿಕ್ಕಮ್ಮ ಒಂದರ ಮೇಲೆ, ಹಿರಿಯ ಹೆಂಗಸು ಇನ್ನೊಂದರ ಮೇಲೆ ಮಂಡಿಯೂರಿದರು. ಮೂರನೆಯವಳು ಬಂದಿರಲಿಲ್ಲ. ರಜೆ ಸಿಗಲಿಲ್ಲವಂತೆ, ಬೆಳಕು ಹರಿಯುವ ಮೊದಲೇ ಕಾರ್ಖಾನೆಯ ಬಸ್ಸು ಹತ್ತಿ ಹೋಗಿದ್ದಳು. ಅವಳ ಚಾಪೆ ನಡುವೆ ಖಾಲಿ ಬಿದ್ದಿತ್ತು.

ತಮಟೆ ನಿಂತಿತು. ಬಸಪ್ಪ ಮಂಜಿನೊಳಗಿಂದ ಬಂದ. ಬಂದ ಎಂದೇ ಬರೆಯುತ್ತೇನೆ, ನಮ್ಮಲ್ಲಿ ಹಾಗೆಯೇ. ಬೆನ್ನಿನ ಮೇಲೆ ಕೆಂಪು ರೇಷ್ಮೆಯ ಹೊದಿಕೆ, ಕೊಂಬಿನ ತುದಿಯಲ್ಲಿ ಹಿತ್ತಾಳೆ, ಕಾಲಿಗೆ ಗೆಜ್ಜೆ. ಯಾರೂ ಹಗ್ಗ ಹಿಡಿದಿರಲಿಲ್ಲ. ಅವನು ನೇರವಾಗಿ ಖಾಲಿ ಚಾಪೆಯ ಮುಂದೆ ನಿಂತ. ಮುಖ ಇಳಿಸಿ ಅದನ್ನು ಮೂಸಿದ. ಎಷ್ಟು ಹೊತ್ತು ಹಾಗೆ ನಿಂತನೆಂದರೆ, ಜನರಲ್ಲಿ ಒಬ್ಬಿಬ್ಬರು ಮುಗಿದ ಕೈ ಇಳಿಸಿ ಒಬ್ಬರ ಮುಖ ಒಬ್ಬರು ನೋಡಿದರು.

“ಬಂದಿಲ್ದೋಳ್ ಜಾಗ ಮೂಸಿ ಬುಟ್ಬುಟ್ಟ, ನೋಡ್ಕಳ್ರಪ್ಪ,” ಎಂದು ಯಜಮಾನರು ಅರ್ಥ ಹೇಳಿದರು.

ಆಗ ಬಸಪ್ಪ ತಿರುಗಿ ಚಿಕ್ಕಮ್ಮನ ಮುಂದೆ ಬಂದು ಮುಂಗಾಲೆತ್ತಿ ಅವಳ ಬಲ ಅಂಗೈ ಮೇಲಿಟ್ಟ. ಅಷ್ಟು ದೊಡ್ಡ ಪ್ರಾಣಿ, ಆದರೂ ಅವಳ ಕೈ ಒಂದಿಷ್ಟೂ ಬಾಗಲಿಲ್ಲ. ಅವಳು ಮುಖ ಎತ್ತಿ ಅವನ ಕಣ್ಣನ್ನೇ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ನನ್ನೊಬ್ಬಳಿಗೇ ಹೇಳಿದಳು:

“ಭಾರನೇ ಇರ್ಲಿಲ್ಲ ಕಣೆ. ಗಾಳಿ ಕೂತ್ಕಂಡಂಗಿತ್ತು.”

ಹಿರಿಯ ಹೆಂಗಸು ಅಂದೇ ಅರ್ಜಿ ವಾಪಸು ಪಡೆದರು. ಕೆಳಗಿನ ಬೀದಿಯವಳು ಪಡೆಯಲಿಲ್ಲ. ಯಜಮಾನರು ಹೇಳಿಕಳುಹಿಸಿದ್ದಕ್ಕೆ ಅವಳು ಕೊಟ್ಟ ಉತ್ತರ ಬೀದಿಗೆಲ್ಲ ಹಬ್ಬಿತು: “ನಾನ್ ಕೈ ಒಡ್ಡಿಲ್ಲ, ಅವ್ನು ಇಲ್ಲ ಅಂದಿಲ್ಲ. ಓಟಾಗ್ಲಿ.” ಹೀಗಾಗಿ ಚುನಾವಣೆ ಉಳಿಯಿತು. ಆದರೆ ಅದು ಹೆಸರಿಗೆ ಮಾತ್ರ ಎಂದು ಎಲ್ಲರೂ ತಿಳಿದಿದ್ದರು. ಬಸಪ್ಪ ಹೇಳಿದವರನ್ನು ಬಿಟ್ಟು ಯಾರಿಗೆ ಓಟು ಹಾಕುವುದುಂಟು?

ಆ ದಿನದಿಂದ ನಮ್ಮ ಬೀದಿ ಸದ್ದಿಲ್ಲದಂತಾಯಿತು. ಪಕ್ಕದ ಮನೆಯ ಅಜ್ಜಿ ಚಿಕ್ಕಮ್ಮನನ್ನು ಬೈಯದೆ ಒಂದು ಬೆಳಗನ್ನೂ ಶುರು ಮಾಡಿದವರಲ್ಲ. “ಸೊಪ್ಪಿನ್ ಕಡ್ಡಿ ನನ್ ಜಗ್ಲಿ ಮ್ಯಾಲೆ ಯಾಕಮ್ಮಿ ಬಿಸಾಕ್ದೆ, ನಿನ್ ಕೈ ಸೇದೋಗ!” ಎಂಬುದು ನಮಗೆ ಸುಪ್ರಭಾತ. ಮರುದಿನ ಚಿಕ್ಕಮ್ಮ ಹಿಪ್ಪುನೇರಳೆ ಸೊಪ್ಪು ಹೊತ್ತು ಬಂದಾಗ ಕಡ್ಡಿಗಳು ಎಂದಿನಂತೆ ಅತ್ತ ಬಿದ್ದವು. ಅಜ್ಜಿ ಎದ್ದು, ತಲೆ ಮೇಲೆ ಸೆರಗು ಹೊದ್ದು, ಗೋಡೆಗೆ ಸರಿದು ನಿಂತರು.

“ಯಾಕತ್ತೆ, ಇವತ್ತು ಬೈಲಿಲ್ವಲ್ಲ?” ಚಿಕ್ಕಮ್ಮ ನಕ್ಕು ಕೇಳಿದಳು.

“ಬುಡ್ತು ಅನ್ನು ತಾಯಿ,” ಎಂದರು ಅಜ್ಜಿ. ಅವರು ನೋಡುತ್ತಿದ್ದುದು ಚಿಕ್ಕಮ್ಮನ ಮುಖವನ್ನಲ್ಲ, ಬಲಗೈಯನ್ನು.

ಎಲ್ಲರೂ ಹಾಗೆಯೇ ನೋಡತೊಡಗಿದರು. ಡೇರಿಯಲ್ಲಿ ಹಾಲಿನ ಕ್ಯಾನು ಮುಂದೆ ಮಾಡಿದರೆ ಕಣ್ಣುಗಳು ಕೈಯ ಹಿಂದೆ ಬರುತ್ತಿದ್ದವು. ಅಂಗೈ ಮೇಲೆ ಹಾಸಿದ್ದ ಟವೆಲನ್ನು ಯಾರೋ ಒಯ್ದು ಹರಿದು ಹಂಚಿಕೊಂಡಿದ್ದರು. ಎಷ್ಟೋ ಮಕ್ಕಳ ತೋಳಿನಲ್ಲಿ ಆ ಬಿಳಿಯ ಚೂರುಗಳನ್ನು ಕಂಡೆ. ಒಬ್ಬಳು ತಾಯಿ ಜ್ವರದ ಮಗುವನ್ನು ತಂದು ನಮ್ಮ ಜಗಲಿಯಲ್ಲಿ ಮಲಗಿಸಿದಳು.

“ಆಸ್ಪತ್ರೆಗೆ ಕರ್ಕಂಡೋಗಮ್ಮಿ,” ಎಂದಳು ಚಿಕ್ಕಮ್ಮ.

“ಮಾತ್ರೆ ಕೊಟ್ಟವ್ರೆ ಕಣವ್ವ. ನೀನು ವಸಿ ಕೈ ಮಡ್ಗು, ಸಾಕು.”

ಚಿಕ್ಕಮ್ಮ ಕೈ ಇಟ್ಟಳು. ಜ್ವರ ಇಳಿಯಿತು. ಮಾತ್ರೆಯಿಂದ ಇಳಿದಿರಬೇಕು. ಆದರೆ ಮರುದಿನ ಜಗಲಿಯ ಮೇಲೆ ಇನ್ನೂ ಕೆಲವರು ಕುಳಿತಿದ್ದರು. ಅವರು ಬಾಗಿಲು ಬಡಿಯಲಿಲ್ಲ, ಕರೆಯಲಿಲ್ಲ. ನಾನು ಕಾಲೇಜಿಗೆ ಹೊರಡಲು ಬಾಗಿಲು ತೆಗೆದಾಗ ಎಲ್ಲರೂ ಒಟ್ಟಿಗೆ ಮುಖ ಎತ್ತಿದರು, ನಾನು ಎಂದು ತಿಳಿದು ಒಟ್ಟಿಗೆ ಇಳಿಸಿದರು.

ಚಿಕ್ಕಮ್ಮ ಓಟು ಕೇಳಲು ಹೊರಟಾಗ ನಾನೂ ಜೊತೆಗೆ ಹೋದೆ. ಪ್ರತಿ ಮನೆಯಲ್ಲೂ ಚೆಂಬಿನಲ್ಲಿ ನೀರು ತಂದು ಅವಳ ಕಾಲಿಗೆ ಹಾಕುತ್ತಿದ್ದರು. ಮಾತಿಗೆ ಕಿವಿಗೊಡುವವರಿಲ್ಲ.

“ನಾನು ಗೆದ್ರೆ ನಮ್ ಬೀದಿಗೆ ನೀರು ಕಮ್ಮಿ ಆಯ್ತದೆ. ಅದ್ಕೆ ಏನಂತೀರಿ?” ಎಂದು ಅವಳು ಕೇಳಿದರೆ,

“ನೀನ್ ಎಂಗಂದ್ರೆ ಅಂಗೆ ತಾಯಿ,” ಎನ್ನುತ್ತಿದ್ದರು.

“ಅಲ್ಲ, ಕಮ್ಮಿ ಆಯ್ತದೆ ಅಂತಿವ್ನಿ!”

“ಆಗ್ಲಿ ತಾಯಿ.”

ಮೂರ್ನಾಲ್ಕು ಮನೆ ಮುಗಿಸಿ ಹೊರಗೆ ಬಂದಾಗ ಅವಳ ತುಟಿ ಒಣಗಿತ್ತು. “ಗೋಡೆಗೂ ಕಿವಿ ಇರ್ತವೆ ಅಂತಾರೆ. ಇವ್ರಿಗಿಲ್ವಲ್ಲೆ,” ಎಂದಳು. ನಗಲಿಕ್ಕೆ ಹೇಳಿದ ಮಾತು, ಇಬ್ಬರೂ ನಗಲಿಲ್ಲ.

ಅವಳು ಹುಳದ ಮನೆಯಲ್ಲೇ ಹೆಚ್ಚು ಹೊತ್ತು ಕೂರತೊಡಗಿದಳು. ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳಗಳು ಸೊಪ್ಪು ಮೇಯುವಾಗ ದೂರದಲ್ಲಿ ಮಳೆ ಬಂದಂತೆ ಸದ್ದಾಗುತ್ತದೆ. ಒಂದು ಮಧ್ಯಾಹ್ನ ಒಳಗೆ ಹೋದೆ. ಚಿಕ್ಕಮ್ಮ ಎಡಗೈಯಲ್ಲಿ ಸೊಪ್ಪು ಹರಡುತ್ತಿದ್ದಳು. ಬಲಗೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು, ಬೇರೆ ಯಾರೋ ಅಲ್ಲಿ ಇಟ್ಟು ಮರೆತ ವಸ್ತುವಿನ ಹಾಗೆ.

“ಇದು ನನ್ ಕೈ ಅನ್ನುಸ್ತಿಲ್ಲ ಕಣೆ,” ಎಂದಳು. “ಬಸಪ್ಪ ಪಾದ ಕೊಟ್ಟಿದ್ದು ನಿಜ. ಆದ್ರೆ ಯಾಕ್ ಕೊಟ್ಟ ಅಂತ ಯಾರೂ ನನ್ ಕೇಳ್ತಿಲ್ವಲ್ಲ? ನೀನ್ಯಾಕ್ ನಿಂತೆ, ಏನ್ ಮಾಡಿಯೆ ಅಂತ ಒಬ್ರು, ಒಂದೇ ಒಂದ್ ಮಾತು ಕೇಳ್ಬುಟ್ರೆ ಸಾಕು. ಆಮ್ಯಾಕೆ ಓಟಾಕಲಿ, ಬುಡ್ಲಿ. ಯಾರೂ ಕೇಳ್ದೆ ನಾನು ಗೆದ್ರೆ, ಗೆದ್ದೋಳು ನಾನಲ್ಲ. ಈ ಕೈ.”

ಕೆಳಗಿನ ಬೀದಿಯವಳ ಜೊತೆ ಜನ ಬೇರೆ ತರಹ ನಡೆದುಕೊಳ್ಳುತ್ತಿದ್ದರು. ಅವಳ ಹೊಸ್ತಿಲಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳು ಸಿಕ್ಕಿತಂತೆ. ಅಂಗಡಿಯಲ್ಲಿ ಅವಳು ನಿಂತರೆ ಬೇರೆಯವರು ಮಾತು ನಿಲ್ಲಿಸುತ್ತಿದ್ದರು. ಅವಳ ಮನೆಗೆ ಏನಾದರೂ ಆಗುತ್ತದೆ ಎಂದು ಎರಡೂ ಬೀದಿಯವರು ಕಾಯುತ್ತಿದ್ದರು.

ಮತದಾನಕ್ಕೆ ಕೆಲವೇ ದಿನ ಇರುವಾಗ ನಾನು ಚಿಕ್ಕಮ್ಮನಿಗೆ ಒಂದು ಉಪಾಯ ಹೇಳಿದೆ: ಸಂಜೆ ಡೇರಿಗೆ ಹಾಲು ಹಾಕಲು ಎರಡೂ ಬೀದಿಯವರು ಬರುತ್ತಾರೆ. ಹಾಲು ಹಾಕಿ ಮುಗಿದ ಮೇಲೆ ಇಬ್ಬರೂ ಅಲ್ಲೇ ಕುರ್ಚಿ ಹಾಕಿ ಕೂರುವುದು. ಜನ ಕೇಳುವುದು, ಇಬ್ಬರೂ ಹೇಳುವುದು. ಅವಳು ಒಪ್ಪಿದಳು. ಕೆಳಗಿನ ಬೀದಿಯವಳನ್ನು ನಾನೇ ಹೋಗಿ ಕರೆದೆ. “ಬತ್ತೀನಿ. ಕಲ್ಲೆಸೆದ್ರೆ ನಿಮ್ ಚಿಕ್ಕವ್ವನ್ ಇಂದೆ ಅವಿತ್ಕತೀನಿ, ಅವ್ಳಿಗೆ ಯಾರೂ ಎಸೆಯಾಕಿಲ್ಲ,” ಎಂದು ನಕ್ಕಳು.

ಆ ಸಂಜೆ ಡೇರಿಯ ಅಂಗಳ ತುಂಬಿತ್ತು. ಯಜಮಾನರೂ ಬಂದು ನಿಂತರು. ಎರಡು ಪ್ಲಾಸ್ಟಿಕ್ ಕುರ್ಚಿ. ಚಿಕ್ಕಮ್ಮನ ಮುಂದೆ ಜನ ನೆಲದ ಮೇಲೆ ಒತ್ತಿಕೊಂಡು ಕೂತರು. ಇನ್ನೊಬ್ಬಳ ಮುಂದೆ ನೆಲ ಖಾಲಿ. ಕೇಳಬೇಕೆಂದಿರುವುದನ್ನು ಕೇಳಿ ಎಂದು ನಾನು ಹೇಳಿದೆ. ಖಾಲಿ ಕ್ಯಾನುಗಳ ಮೇಲೆ ನೊಣ ಕೂತು ಏಳುವುದು ಕೇಳುತ್ತಿತ್ತು. ಚಿಕ್ಕಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟೂ ಜನರ ತಲೆ ಆ ಸೆರಗಿನ ಕಡೆಗೆ ಒಮ್ಮೆಲೇ ಹೊರಳಿತು. ಈಗ ಅವಳು ಎದ್ದು ಓಡಿಬಿಡುತ್ತಾಳೆ ಎನಿಸಿತು ನನಗೆ.

ಆಗ ಪಕ್ಕದ ಕುರ್ಚಿಯಿಂದ ಮಾತು ಬಂತು.

“ಯಾರೂ ಕೇಳಾಕಿಲ್ವಾ? ಅಂಗಾದ್ರೆ ನಾನೇ ಕೇಳ್ತೀನಿ. ಅಕ್ಕ, ನೀನ್ ಗೆದ್ರೆ ವಾಲು ನಮ್ ಕಡೆ ಎಷ್ಟೊತ್ತು ತಿರುಗುಸ್ತೀಯ?”

ಚಿಕ್ಕಮ್ಮ ಅವಳ ಕಡೆ ತಿರುಗಿದ್ದನ್ನು ನಾನು ಮರೆಯಲಾರೆ. ಮುಳುಗುತ್ತಿದ್ದವಳ ಕಾಲಿಗೆ ನೆಲ ಸಿಕ್ಕಿದಂತಿತ್ತು. “ಸರಿ ಅರ್ಧ. ನಿಮ್ಗೆ ಅರ್ಧ, ನಮ್ಗೆ ಅರ್ಧ,” ಎಂದಳು.

“ಅರ್ಧ ಅಂದ್ರೆ ಯಾವ್ ಅರ್ಧ? ನಾವು ಬೆಳಕರ್ಯೋ ಮುಂಚೆ ಬಸ್ ಅತ್ತೋರು. ಮಧ್ಯಾನ ಬುಟ್ರೆ ಯಾರಕ್ಕ ಇಡ್ಕಳೋರು, ನಮ್ಮನೆ ಬೆಕ್ಕಾ?”

ಯಾರೋ ನಕ್ಕರು. ಚಿಕ್ಕಮ್ಮ ಯೋಚಿಸಿದಳು. ಅವಳು ಅಷ್ಟು ದೂರ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಇನ್ನೊಬ್ಬಳು ತನ್ನ ಯೋಜನೆ ಹೇಳಿದಳು: ನಸುಕಿನಲ್ಲಿ ಕೆಳಗಿನ ಬೀದಿಗೆ, ಮಧ್ಯಾಹ್ನ ಮೇಲಿನ ಬೀದಿಗೆ.

“ಅಂಗಾದ್ರೆ ಬೆಳಿಗ್ಗೆ ನಮ್ಗೆ ಒಂದ್ ತೊಟ್ಟೂ ಇಲ್ವಾ?” ಇದು ಪಕ್ಕದ ಮನೆ ಅಜ್ಜಿಯ ದನಿ. ಎಷ್ಟೋ ದಿನಗಳ ಮೇಲೆ ಅದು ತನ್ನ ಎತ್ತರಕ್ಕೆ ಏರಿತ್ತು. ಅವರು ಎದ್ದು ನೇರವಾಗಿ ಚಿಕ್ಕಮ್ಮನ ಮೇಲೇ ಹರಿಹಾಯ್ದರು. “ನೀನೂ ಅರ್ಧ ಕೊಡ್ತೀನಿ ಅಂತೀಯಲ್ಲೇ! ದ್ಯಾವ್ರು ಪಾದ ಕೊಟ್ಟವ್ನೆ ಅಂತ ಬಾಯ್ ಮುಚ್ಕಂಡಿದ್ರೆ ನೀರ್ಗೇ ಕೈ ಆಕ್ತೀಯಾ? ನಿನ್ ಬಾಯ್ಗ್ ಮಣ್ಣಾಕ!”

ಚಿಕ್ಕಮ್ಮ ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು. “ಬೈಯಿ ಅತ್ತೆ, ಬೈಯಿ. ಆಮ್ಯಾಕೆ ಏನ್ ಮಾಡವ ಅಂತ ಏಳು.”

ಆಮೇಲೆ ಅಂಗಳ ಕದಡಿಹೋಯಿತು. ಟ್ಯಾಂಕು ತೊಳೆಸಿ ಎಷ್ಟು ಕಾಲವಾಯಿತು, ಚರಂಡಿ ಯಾರ ಮನೆ ಮುಂದೆ ನಿಂತಿದೆ, ಗಾರ್ಮೆಂಟ್ಸಿಗೆ ಹೋಗುವವಳು ಪಂಚಾಯಿತಿ ಸಭೆಗೆ ಹೇಗೆ ಬರುತ್ತಾಳೆ, ಹುಳ ಹಣ್ಣಾಗಿ ಗೂಡು ಕಟ್ಟುವಾಗ ಚಿಕ್ಕಮ್ಮ ಹೇಗೆ ಬರುತ್ತಾಳೆ, ಎಲ್ಲವನ್ನೂ ಇಬ್ಬರ ಮೇಲೂ ಎಸೆದರು. “ಬಸಪ್ಪ ಏಳಿರೋದನ್ನ...” ಎಂದು ಯಜಮಾನರು ನಡುವೆ ಬಾಯಿ ಹಾಕಿದಾಗ ಅಜ್ಜಿ, “ಬಸಪ್ಪ ಮೆಂಬ್ರು ಏಳವ್ನೆ, ಟೈಮು ಏಳಿಲ್ಲ ಕಣಪ್ಪ, ಸುಮ್ಕಿರು,” ಎಂದರು.

ಮತದಾನದ ದಿನ ಶಾಲೆಯ ಮುಂದೆ ಸಾಲು ಉದ್ದವಿತ್ತು, ಜನ ಮತ್ತೆ ಮೌನವಾಗಿದ್ದರು. ಆದರೆ ಅದು ಬೇರೆ ಮೌನ. ಪ್ರತಿಯೊಬ್ಬರೂ ಒಳಗೊಳಗೇ ಏನನ್ನೋ ತೂಗುತ್ತಿದ್ದರು. ಕೆಲವರು ಮತ ಹಾಕುವ ಮರೆಯೊಳಗೆ ಹೋಗುವ ಮುನ್ನ ಗುಡಿಯ ದಿಕ್ಕಿಗೆ ತಿರುಗಿ ಕೆನ್ನೆ ತಟ್ಟಿಕೊಂಡು, ತಪ್ಪಾಯಿತು ಎಂಬಂತೆ ತುಟಿ ಆಡಿಸಿದ್ದನ್ನು ಕಂಡೆ. ಅವರು ಯಾರಿಗೆ ಹಾಕಿದರೆಂದು ಆಗಲೇ ಊಹಿಸಿದೆ.

ಚಿಕ್ಕಮ್ಮ ಸೋತಳು. ಒಂದು ಹೊತ್ತು ಊಟ ಬಿಟ್ಟಳು, ಆ ಮೇಲೆ ಎದ್ದು ಹುಳಕ್ಕೆ ಸೊಪ್ಪು ಹಾಕಿದಳು, ಎರಡೂ ಕೈಯಲ್ಲಿ. ಬಸಪ್ಪನ ಮಾತು ಸುಳ್ಳಾಯಿತಲ್ಲ, ಊರಿಗೆ ಇನ್ನೇನು ಕಾದಿದೆಯೋ ಎಂದು ಜನ ಹೆದರಿದರು. ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ಊರು ಬಹಳ ದಿನ ಉಸಿರು ಹಿಡಿದು ನೋಡಿತು.

ಗೆದ್ದವಳು ಭಾನುವಾರದ ಮುಂಜಾನೆಗಳಲ್ಲಿ ಟ್ಯಾಂಕಿನ ಹತ್ತಿರ ನಿಂತು ನೀರುಗಂಟಿ ವಾಲು ತಿರುಗಿಸುವುದನ್ನು ನೋಡುತ್ತಿದ್ದಳು. ಅಂಥ ಒಂದು ಮುಂಜಾನೆ ನಾನು ಆ ದಾರಿಯಲ್ಲಿ ಬಂದೆ. ಮಂಜು ಬಿದ್ದಿತ್ತು. ನೀರುಗಂಟಿ ಪೈಪಿನ ಉದ್ದಕ್ಕೂ ನಡೆದು ಮರೆಯಾದ ಮೇಲೆ ಅವಳು, ನಾನು ಕೇಳದೆಯೇ, ಹೇಳಿದಳು.

“ಅವತ್ತು ಬಸಪ್ಪ ನನ್ತಾವಕ್ಕೂ ಬಂದಿದ್ದ ಕಣಮ್ಮಿ.”

ಗುಡಿಯ ಮುಂದೆ ಚಾಪೆ ಹಾಸಿದ ದಿನದ ನಸುಕು. ಅವಳು ಒಬ್ಬಳೇ ಬಸ್ಸಿಗೆ ಕಾಯುತ್ತಿದ್ದಳಂತೆ. ಯಾರದೋ ಎತ್ತು ಬಿಚ್ಚಿಕೊಂಡು ಬಂದಿದೆ ಎಂದುಕೊಂಡಳು. ಹತ್ತಿರ ಬಂದಾಗ ಕೊಂಬಿನ ಹಿತ್ತಾಳೆ ಕಂಡಿತು. ಕಾಲಲ್ಲಿ ಗೆಜ್ಜೆ ಇತ್ತು, ಸದ್ದು ಇರಲಿಲ್ಲ. ಅವಳ ಮುಂದೆ ನಿಂತು ಮುಂಗಾಲೆತ್ತಿದ. ಅವಳ ಕೈಯಲ್ಲಿ ಊಟದ ಡಬ್ಬಿ. ಬಸ್ಸು ಬಂದು ಹಾರನ್ ಹೊಡೆಯಿತು. ಅವಳು ಹತ್ತಿಬಿಟ್ಟಳು.

“ಕಿಟ್ಕೀಲಿ ತಿರುಗಿ ನೋಡ್ದೆ. ಕಾಲೆತ್ಕಂಡೇ ನಿಂತಿದ್ದ. ಬಸ್ಸು ತಿರುವು ದಾಟೋಗಂಟ.”

ಪೂಜಾರಿ ಅದರ ಹಿಂದಿನ ರಾತ್ರಿ, ಬೆಳಕು ಹರಿಯುವವರೆಗೂ, ಬಸಪ್ಪನ ಹಗ್ಗವನ್ನು ಕೈಗೆ ಸುತ್ತಿಕೊಂಡೇ ಮಲಗಿದ್ದನೆಂದು ಊರಿಗೆಲ್ಲ ಗೊತ್ತು. ನಾನು ಅದನ್ನು ಹೇಳಲಿಲ್ಲ. “ಮೊದಲೇ ಯಾಕೆ ಹೇಳಲಿಲ್ಲ ಅಕ್ಕ? ಎಲ್ಲರೂ ನಿಮಗೇ ಓಟು ಹಾಕುತ್ತಿದ್ದರಲ್ಲ,” ಎಂದೆ.

“ಆಕೋರು. ನಿಮ್ ಚಿಕ್ಕವ್ವನ್ ಕೈ ನೋಡ್ದಂಗೆ ನನ್ ಡ್ರೆಸ್ಸು ಡಬ್ಬಿ ಎಲ್ಲ ನೋಡೋರು. ವಾಲು ಅಲ್ಲೇ ತುಕ್ಕಿಡ್ಯೋದು. ನನ್ ಅವ್ಧಿ ಮುಗ್ಯೋಗಂಟ ಯಾರ್ಗೂ ಬಾಯ್ ಬುಡ್ಬೇಡ.”

“ನಿಜವಾಗಿಯೂ ಬಂದಿದ್ದನಾ?”

ಅವಳು ನನ್ನ ಕಡೆ ತಿರುಗಿದಳು. ಮಂಜಿನಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ಅದ್ನ ಕೇಳಾಕೆ ಬಂದ್ಯಾ? ನಿಮ್ ಬೀದಿಗೆ ಮಧ್ಯಾನ ನೀರು ಸರ್ಯಾಗ್ ಬತ್ತಾ ಅದಾ ಇಲ್ವಾ, ಅದ್ನೇಳು ಮೊದ್ಲು.”

ಕೊನೆಯ ಮೂರು ಮನೆಗೆ ಏರುತ್ತಿಲ್ಲ ಎಂದೆ. ಅವಳು ಆಗಲೇ ಮಂಜಿನ ಕಡೆಗೆ ತಿರುಗಿ ನೀರುಗಂಟಿಯನ್ನು ಕೂಗುತ್ತಿದ್ದಳು.